ನಿನಗೇನು ಕೇಳಿಸಿತು

ತಂಗಿ ಹಲ್ಲಿನಲ್ಲಿ ನೂಲು ಕಡಿದು, ನೀಲಿ ಅಂಗಿಯನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹಾಸಿದಳು. ಕಂಕುಳಿನಿಂದ ಸೊಂಟದವರೆಗೆ ಎರಡೂ ಪಕ್ಕಗಳಲ್ಲಿ ಮೂರು ಬೆರಳಷ್ಟು ಒಳಗೆ ಹಿಡಿಯಬೇಕಿತ್ತು. ಅಕ್ಕ ಅಷ್ಟು ಇಳಿದುಹೋಗಿದ್ದಳು. ಆಸ್ಪತ್ರೆಯವರು ದೇಹವನ್ನು ಕಳಿಸುವ ಮೊದಲು ಅಂಗಿ ಅಲ್ಲಿಗೆ ಮುಟ್ಟಬೇಕು.

"ಹಾಗೇ ಹಾಕಿದ್ರೆ ಆಗಲ್ವೇನೇ ಪುಟ್ಟಿ? ಯಾರು ನೋಡ್ತಾರೆ?" ಎಂದ ಅಣ್ಣ, ಅಂಗಡಿಯ ಬಾಗಿಲಿಗೆ ಒರಗಿಕೊಂಡು. ಬಸ್ಸು ಓಡಿಸಿ ಓಡಿಸಿ ಅವನ ಮಂಡಿಗಳು ಸವೆದಿದ್ದವು. ನಿಲ್ಲುವುದಾದರೆ ಏನಾದರೂ ಆಸರೆ ಬೇಕು.

"ನಾನು ನೋಡ್ತೀನಲ್ಲ."

ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ತೆಗೆಯಲು ಕತ್ತರಿ ಎತ್ತಿದವಳು ಹಾಗೆಯೇ ಕೆಳಗಿಟ್ಟಳು. ಇದೇ ಅಂಗಿಯ ಅಳತೆ ಕೊಡುವಾಗ ಅಕ್ಕ, ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರು, ದಪ್ಪ ಆಗುವ ಸಾಧ್ಯತೆಯೂ ಇದೆ, ತೆಳ್ಳಗಾಗುವ ಸಾಧ್ಯತೆಯೂ ಇದೆ ಎಂದಿದ್ದಳು. ಎರಡರಲ್ಲಿ ಒಂದು ಹೇಳೇ ಮಹರಾಯ್ತಿ ಎಂದು ತಂಗಿ ಬೈದಿದ್ದಳು. ಮನೆಯಲ್ಲೂ ಬೀದಿಯಲ್ಲೂ ಅಕ್ಕನಿಗೆ ಇದ್ದ ಹೆಸರೇ 'ಬಹುಶಃ ಅಕ್ಕ'. ಹವಾಮಾನ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸವೇ ಅದಾಗಿತ್ತು. ಬೇರೆಯವರು ಲೆಕ್ಕ ಹಾಕಿ ತಂದ ಫಲಿತಾಂಶಗಳನ್ನು ಓದಿ, ಇದನ್ನು ಜನರಿಗೆ ಎಷ್ಟು ಗಟ್ಟಿಯಾಗಿ ಹೇಳಬಹುದು, ಎಲ್ಲಿ ಮೆತ್ತಗೆ ಹೇಳಬೇಕು ಎಂದು ತೂಗುವುದು. 'ಸಾಧ್ಯತೆ ಇದೆ', 'ಹೆಚ್ಚು ಸಾಧ್ಯತೆ ಇದೆ', 'ಬಹುತೇಕ ಖಚಿತ', ಹೀಗೆ ಒಂದೊಂದು ಮಾತಿಗೂ ಅವಳ ಬಳಿ ಒಂದೊಂದು ತೂಕದ ಕಲ್ಲಿತ್ತು.

ಆದರೆ ತಂಗಿಗೆ ಬೇಕಾಗಿದ್ದ ಒಂದೇ ಒಂದು ಉತ್ತರವನ್ನು ಕೊಡದೆ ಹೋಗಿಬಿಟ್ಟಿದ್ದಳು. ನದಿಯ ಪಕ್ಕದ ಈ ತಗ್ಗು ಬೀದಿಯಲ್ಲಿ ನೆರೆಗೆ ಹೆದರಿ ಅರ್ಧ ಅಂಗಡಿಗಳು ಆಗಲೇ ಬಾಗಿಲು ಹಾಕಿದ್ದವು. ನಾನು ಇಲ್ಲೇ ಇರಲಾ, ಹೋಗಲಾ ಎಂದು ತಂಗಿ ಕೇಳಿದ್ದಳು. ವರದಿ ಮುಗಿಯಲಿ, ಆಪರೇಷನ್ನೂ ಮುಗಿಯಲಿ, ಬಂದು ಕೂತು ಹೇಳುತ್ತೇನೆ ಎಂದಿದ್ದಳು ಅಕ್ಕ. ಬರಲಿಲ್ಲ. ದುಃಖ ಯಾವುದು, ಸಿಟ್ಟು ಯಾವುದು ಎಂದು ಬಿಡಿಸಿ ನೋಡುವಷ್ಟು ತ್ರಾಣ ತಂಗಿಯಲ್ಲಿ ಉಳಿದಿರಲಿಲ್ಲ.

ಹೆಚ್ಚಿನ ಬಟ್ಟೆಯನ್ನು ಒಳಗೇ ಮಡಿಸಿ, ಅದರ ಮೇಲೆ ಹೊಲಿಗೆ ಹಾಕಿದಳು.

*

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಮುಂಚೆ, ಬೀದಿಯವರೆಲ್ಲ ಇದೇ ಅಂಗಡಿಯಲ್ಲಿ ಅಕ್ಕನನ್ನು ಸುತ್ತುಗಟ್ಟಿದ್ದರು. ಈ ಸಲ ನದಿ ಮನೆಯೊಳಗೆ ಬರುತ್ತದೆಯೇ? ಬರುವ ಸಾಧ್ಯತೆ ಕಡಿಮೆ ಎಂದಳು ಅಕ್ಕ. ಹತ್ತರಲ್ಲಿ ಒಂದರಷ್ಟು ಎಂದೂ ಸೇರಿಸಿದಳು. ಅಷ್ಟರಲ್ಲಿ ಜನ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮಾತು ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ 'ನೀರು ಬರೋಲ್ಲವಂತೆ' ಎಂದಾಗಿತ್ತು. ಯಾರೂ ಒಂದು ಮಣೆಯನ್ನೂ ಮೇಲೆತ್ತಿಡಲಿಲ್ಲ. ತಂಗಿಯೂ ಎತ್ತಿಡಲಿಲ್ಲ.

ಎದೆಮಟ್ಟ ಬಂತು. ಹೊಲಿಗೆ ಯಂತ್ರ ನಾಲ್ಕು ದಿನ ಕೆಸರಿನಲ್ಲಿ ನಿಂತಿತು. ಎದುರಿನ ಔಷಧಿ ಅಂಗಡಿಯವನ ಕೆಳಗಿನ ಕಪಾಟುಗಳಲ್ಲಿದ್ದುದೆಲ್ಲ ಮುದ್ದೆಯಾಗಿ ಹೋಯಿತು. ಅವನು ಅಕ್ಕನ ಎದುರೇ ನಿಂತು, ನಿಮ್ಮ ಮಾತು ನಂಬಿ ಕೆಟ್ಟೆವು ಎಂದ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ ಎಂದು ಅಕ್ಕ ಬಾಯಿ ತೆರೆದವಳು ಅವನ ಕೈಯಲ್ಲಿದ್ದ ಕೆಸರು ಬಕೆಟ್ಟನ್ನು ತೆಗೆದುಕೊಂಡು ಕೆಳಗಿಟ್ಟಳು. ಅವನ ಪಕ್ಕ ಕೂತು ಸಂಜೆಯವರೆಗೆ ಸೀಸೆಗಳನ್ನು ತೊಳೆದಳು.

ಅದಾದ ಮೇಲೆ ಶುರುವಾದದ್ದು ಫೋನು. ವಾರಕ್ಕೊಮ್ಮೆ ಅಕ್ಕ ವರದಿಯ ಒಂದು ವಾಕ್ಯ ಓದುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು, "ನಾನು ಹೇಳಿದ್ದು ಬೇಡ. ನಿನಗೇನು ಕೇಳಿಸ್ತು, ಅದನ್ನ ಹೇಳು." ತಂಗಿ ತನಗೆ ಕೇಳಿಸಿದ್ದನ್ನು ಹೇಳುತ್ತಿದ್ದಳು. ಅಕ್ಕ ಹೂಂ ಅಂದು ವಾಕ್ಯವನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಅಂದು ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಇದು ಶಿಕ್ಷೆಯೇನೋ ಎಂದು ತಂಗಿಗೆ ಎಷ್ಟೋ ಸಲ ಅನಿಸಿದ್ದಿದೆ.

*

ಸ್ಮಶಾನದ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ ದೂರ ದೂರ ಕೂತಿದ್ದರು. ಸರದಿ ಇನ್ನೂ ಬಂದಿರಲಿಲ್ಲ. ಔಷಧಿ ಅಂಗಡಿಯವನು ಬಂದು ಅಣ್ಣನ ಪಕ್ಕ ಕೂತ. ಒಳ್ಳೆ ಹೆಂಗಸು ಎಂದ. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ, "ತಮ್ಮ ವಿಷಯಕ್ಕೂ ಬಹುಶಃ ಅಂದ್ರಾ?" ಎಂದು ಕೇಳಿದ.

"ನಮ್ಮ ಸಾವಿಗೂ ಬಹುಶಃ ಅಂತಾನೇ ಇದ್ಲು," ಎಂದ ಅಣ್ಣ. "ಖಚಿತ ಕಣೇ ಅಂದ್ರೆ, ಸಾಕ್ಷ್ಯ ಜಾಸ್ತಿ ಇದೆ, ಒಪ್ಪೋಣ ಅಂದ್ಲು." ಇಬ್ಬರೂ ನಕ್ಕರು. ನಗುತ್ತಲೇ ಅಣ್ಣ ಕರವಸ್ತ್ರ ಹುಡುಕಿದ.

ತಂಗಿ ನಗಲಿಲ್ಲ. ಅವಳು ಆಸ್ಪತ್ರೆಯ ಆ ಮಧ್ಯಾಹ್ನದಲ್ಲಿದ್ದಳು.

*

ಅಕ್ಕ ದಿಂಬಿಗೆ ಒರಗಿ, ಕಾಲಿನ ಮೇಲೆ ವರದಿಯ ಹಾಳೆ ಹರಡಿಕೊಂಡಿದ್ದಳು. ನದಿ ಬೀದಿಗಳ ಬಗ್ಗೆ ಬರೆದ ವಾಕ್ಯವನ್ನು ಓದಿದಳು. 'ಯಾವ ವರ್ಷ ಎಂದು ಹೇಳಲಾಗದಿದ್ದರೂ' ಎಂದೇ ಅದು ಶುರುವಾಗುತ್ತಿತ್ತು.

"ಏನು ಕೇಳಿಸ್ತು?"

"ನಿಮಗೂ ಗೊತ್ತಿಲ್ಲ ಅಂತ."

ಅಕ್ಕ ಪೆನ್ನು ಎತ್ತಿ ಆ ವಾಕ್ಯದ ಕೆಳಗೆ ಗೆರೆ ಎಳೆದಳು. ಆಮೇಲೆ ಬೇರೆಯದೇ ಮಾತು ತೆಗೆದಳು. ಡಾಕ್ಟರ್ ಬಂದು ಹೋಗಿದ್ದರಂತೆ.

"ನನ್ನಂಥ ಹತ್ತು ಜನರಲ್ಲಿ ಎಂಟು ಜನ ಎದ್ದು ಮನೆಗೆ ಹೋಗ್ತಾರಂತೆ. ಏನು ಕೇಳಿಸ್ತು?"

"ನೀನು ಎದ್ದು ಬರ್ತೀಯ ಅಂತ."

ಇಷ್ಟು ವರ್ಷ ತಪ್ಪು ಕೇಳಿಸಿದಾಗಲೆಲ್ಲ ಹಿಡಿದು ತಿದ್ದಿದವಳು ಅಂದು ತಿದ್ದಲಿಲ್ಲ. ತಂಗಿಯ ಬೆರಳಿಗೆ ಅಂಟಿದ್ದ ನೂಲಿನ ತುಣುಕನ್ನು ತೆಗೆದು ಹಾಕಿ, "ಇವತ್ತೊಂದಿನ ಹಾಗೇ ಕೇಳಿಸ್ಲಿ ಬಿಡು," ಎಂದಳು.

*

ಎಲ್ಲ ಮುಗಿದು ಜನ ಕರಗತೊಡಗಿದಾಗ ಅಕ್ಕನ ಕಿರಿಯ ಸಹೋದ್ಯೋಗಿ ಹತ್ತಿರ ಬಂದಳು. ಅತ್ತು ಕೆಂಪಾದ ಮೂಗು. ಎದೆಗೆ ಅವುಚಿಕೊಂಡ ಕೈಚೀಲ. ಅವಳ ಹಿಂದೆ ಕೇಂದ್ರದ ಮುಖ್ಯಸ್ಥರು ಎತ್ತಲೋ ನೋಡುತ್ತ ನಿಂತಿದ್ದರು. ಹೇಗೆ ಕೇಳುವುದೋ ತಿಳಿಯುತ್ತಿಲ್ಲ ಎಂದು ಶುರುಮಾಡಿದಳು. ವರದಿ ನಾಳೆ ಅಚ್ಚಿಗೆ ಹೋಗುತ್ತದೆ. ಒಂದು ವಾಕ್ಯ ಮಾತ್ರ ಬಾಕಿ. ನನ್ನ ತಂಗಿ ಕೇಳಿಸಿಕೊಂಡು ಹೇಳುವವರೆಗೆ ಅದನ್ನು ಕಳಿಸಬೇಡಿ ಎಂದು ಮೇಡಂ ಹೇಳಿದ್ದರು.

"ಇವತ್ತಾ?" ಎಂದಳು ತಂಗಿ. "ಅವಳನ್ನ ಮಣ್ಣು ಮಾಡಿ ಇನ್ನೂ ಕೈ ತೊಳೆದಿಲ್ಲ."

ಮುಖ್ಯಸ್ಥರು ಬೇಡಮ್ಮ ಬಿಡಿ ಎಂದರು. ಹುಡುಗಿ ಅಲ್ಲಾಡಲಿಲ್ಲ. ಈ ವಾಕ್ಯಕ್ಕಾಗಿ ಕೇಂದ್ರದಲ್ಲಿ ನಡೆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಅಲ್ಲಿ ಒಬ್ಬರ ದನಿಗೆ ಇನ್ನೊಬ್ಬರು ಬಗ್ಗದಿರಲಿ ಎಂದು ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಆಮೇಲೆ ಒಟ್ಟಿಗೆ ಬಿಚ್ಚುವ ಪದ್ಧತಿ. ಈ ಸಲ ಚೀಟಿಗಳೆಲ್ಲ ನೀರು ಬರುವ ಕಡೆಗೇ ವಾಲಿದ್ದವು. ಆದರೂ ಮಾತು ಗಟ್ಟಿಯಾಯಿತು, ಜನ ಗಾಬರಿಯಾಗುತ್ತಾರೆ, ಗೊತ್ತಿಲ್ಲದ್ದನ್ನೇ ಮೊದಲು ಹೇಳೋಣ ಎಂದು ಕೆಲವರು ಹಟ ಹಿಡಿದರು. ಮುಖ್ಯಸ್ಥರು ನೆಲ ನೋಡಿದರು. ಮೇಡಂ ಆಪರೇಷನ್ನಿನ ಹಿಂದಿನ ಸಂಜೆ ಹಾಸಿಗೆಯಿಂದಲೇ ಫೋನು ಮಾಡಿ ವಾಕ್ಯವನ್ನು ತಿರುಗಿಸಿ ಬರೆಸಿದರು, ಎಲ್ಲರನ್ನೂ ಒಪ್ಪಿಸಿದರು.

ತಂಗಿ ಪಕ್ಕದ ಕುರ್ಚಿಯಲ್ಲಿ ಕುಸಿದಳು. "ಓದು."

"ಮುಂದಿನ ಮೂವತ್ತು ವರ್ಷಗಳಲ್ಲಿ ನದಿಯಂಚಿನ ತಗ್ಗು ಬೀದಿಗಳಿಗೆ ಎದೆಮಟ್ಟದ ನೀರು ಒಮ್ಮೆಯಾದರೂ ನುಗ್ಗುವುದು ಬಹುತೇಕ ಖಚಿತ. ಯಾವ ವರ್ಷ ಎಂದು ಮಾತ್ರ ಹೇಳಲಾಗದು." ಹುಡುಗಿ ಹಾಳೆಯಿಂದ ತಲೆಯೆತ್ತಿದಳು. "ನಿಮಗೇನು ಕೇಳಿಸ್ತು?"

ಯಾರೋ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ತಂಗಿ ಕಾದಳು.

"ಬರುತ್ತೆ ಅಂತ," ಎಂದಳು. "ಗೊತ್ತಿಲ್ಲದ್ದು ಯಾವಾಗ ಅನ್ನೋದು ಮಾತ್ರ. ಬರೋದು ಗೊತ್ತು."

ಹುಡುಗಿ ತಲೆಯಾಡಿಸಿದಳು. ಮುಖ್ಯಸ್ಥರು, ಹಾಗಾದರೆ ಹೀಗೇ ಹೋಗಲಿ ಎಂದರು. ಇರಲಾ, ಹೋಗಲಾ ಎಂಬುದನ್ನು ಅಕ್ಕ ಕೊನೆಗೂ ಹೇಳಿರಲಿಲ್ಲ. ತನಗೆ ಗೊತ್ತಿದ್ದಷ್ಟನ್ನು ಹೇಳಿ ಹೋಗಿದ್ದಳು.

*

ಬೀದಿಗೆ ಮರಳಿದಾಗ ಹೊತ್ತು ಇಳಿದಿತ್ತು. ಔಷಧಿ ಅಂಗಡಿಯವನು ಬಾಗಿಲು ತೆರೆಯುತ್ತ, "ಕೊನೆಗೆ ಏನು ಹೇಳಿದ್ರು ಟೈಲರಮ್ಮ, ನಮ್ಮ ನದಿ ಬಗ್ಗೆ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಸುಸ್ತಿತ್ತು, ಅಷ್ಟೆ.

ತಂಗಿ ಬೀದಿಯ ನಡುವೆ ನಿಂತು ವಾಕ್ಯವನ್ನು ಒಂದಕ್ಷರ ಬಿಡದೆ ಹೇಳಿದಳು. ಅವನು ಸರಿ ಎಂದು ಒಳಗೆ ತಿರುಗಿದ.

"ನಿಲ್ಲಿ. ನಾನು ಹೇಳಿದ್ದು ಬೇಡ. ನಿಮಗೇನು ಕೇಳಿಸ್ತು?"

ಅವನು ಬಾಗಿಲ ಚೌಕಟ್ಟಿನಲ್ಲಿ ಇನ್ನೂ ಮಾಸದ ಕೆಸರು ಗೆರೆಯನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಕೆಳಗಿನ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲ ಪೆಟ್ಟಿಗೆಯನ್ನು ಹೊರಗೆಳೆದ.

"ಅಣ್ಣಾ, ಆ ಕಡೆ ಹಿಡ್ಕೋ," ಎಂದಳು ತಂಗಿ, ಎದುರಿನ ತನ್ನ ಅಂಗಡಿಯೊಳಗಿಂದ.

ಮಂಡಿ ನೋಯುತ್ತದೆ ಎಂದು ಗೊಣಗುತ್ತಲೇ ಅಣ್ಣ ಹಿಡಿದುಕೊಂಡ. ಇಬ್ಬರೂ ಮೆಟ್ಟಿಲು ಮೆಟ್ಟಿಲಿಗೂ ನಿಂತು, ಉಸಿರು ತೆಗೆದುಕೊಂಡು, ಹೊಲಿಗೆ ಯಂತ್ರವನ್ನು ಅಟ್ಟಕ್ಕೆ ಹತ್ತಿಸಿದರು. ಅದು ನಿಂತಿದ್ದ ಜಾಗದಲ್ಲಿ ನಾಲ್ಕು ತುಕ್ಕಿನ ಕಲೆಗಳು ಉಳಿದವು. ಸೂಜಿಯಿಂದ ಜಾರಿದ ನೀಲಿ ನೂಲು ಅಲ್ಲಿಂದ ಹೊರಟು, ಒಂದೊಂದು ಮೆಟ್ಟಿಲ ಮೇಲೂ ಬಿದ್ದುಕೊಂಡು, ಎಲ್ಲೂ ಕಡಿಯದೆ ಮೇಲಿನವರೆಗೆ ಬಂದಿತ್ತು.