ಒಳಗೊಂದಿಷ್ಟು ಬಿಟ್ಟು

ಮಷೀನು ನಿಂತಿದೆ, ಎಷ್ಟು ಹೊತ್ತಾಯಿತೋ, ಸದ್ದು ನಿಂತದ್ದು ಗೊತ್ತಾಗುವುದು ಯಾವಾಗಲೂ ನಿಂತು ಎಷ್ಟೋ ಹೊತ್ತಿನ ಮೇಲೆಯೇ, ಒಳಕೋಣೆಯ ಕಿಟಕಿ ಪಕ್ಕ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದವಳಿಗೆ ದಾರ ಬಟ್ಟೆಯೊಳಗಿಂದ ಸರ್ರನೆ ಬರುವ ಸದ್ದೂ ಕೇಳಿಸುತ್ತಿದೆ, ಅಷ್ಟು ಸುಮ್ಮನಿದೆ ಮನೆ — ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ, ನಡುವೆ ಒಂದು ಪರದೆ, ಅದೂ ಯಾರೋ ಹೊಲಿಯಲು ಕೊಟ್ಟು ಮರೆತ ಬಟ್ಟೆಯದ್ದು, ಅದನ್ನು ಸರಿಸಿ ನೋಡಿದರೆ ಅಪ್ಪ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿದ್ದಾನೆ, ತಲೆಯಡಿ ಲೈನಿಂಗ್ ಬಟ್ಟೆಯ ಸುರುಳಿ, ಕನ್ನಡಕ ಹಣೆಯ ಮೇಲೆ, ಒಂದು ಕಾಲಿನ ಚಪ್ಪಲಿ ಇನ್ನೂ ಕಾಲಲ್ಲೇ, ಮಲಗಲಿ ಪಾಪ, ಹಾಡುಹಗಲೇ ಅಪ್ಪ ಮಲಗಿದ್ದನ್ನು ಅವಳು ನೋಡಿದ್ದುಂಟೇ, ಬೆನ್ನು ಸಡಿಲಾಗಿರಬೇಕು, ಎಷ್ಟು ದಿನವಾಯಿತು ಅವನು ಹೀಗೆ ನೆಟ್ಟಗೆ ಮಲಗಿ — ಆವತ್ತು ಬಟ್ಟೆಯ ಥಾನು ಎತ್ತಲು ಬಗ್ಗಿದವನು ಹಾಗೇ ನಿಂತುಬಿಟ್ಟ, ಮಡಚಿಟ್ಟ ಚಾಕುವಿನ ಹಾಗೆ, ಏನಾಯ್ತಪ್ಪ, ಏನಿಲ್ಲ ಗುಂಡೀ, ಸೂಜಿ ಬಿತ್ತು, ಹುಡುಕ್ತಿದ್ದೀನಿ, ಸೂಜಿ ಹುಡುಕುವವನ ಕಣ್ಣಲ್ಲಿ ನೀರು ಯಾಕೆ, ಗುಂಡಿ ಅವಳ ಹೆಸರಲ್ಲ, ಅವನಿಟ್ಟದ್ದು, ನಮ್ಮ ಮಗು ಬಾಯಿಗೆ ಗುಂಡಿ ಹಾಕ್ಕೊಂಡೇ ಹುಟ್ಟಿದ್ದು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ, ಪದವಿ ಮುಗಿಸಿದವಳನ್ನು ಹಾಗೆ ಕರೀಬೇಡಪ್ಪ ಎನ್ನಬೇಕೆಂದು ಎಷ್ಟು ಸಲ ಅಂದುಕೊಂಡಿಲ್ಲ, ಅವನು ನಿಜವಾಗಿಯೂ ನಿಲ್ಲಿಸಿಬಿಟ್ಟರೆ ಏನು ಗತಿ ಎಂದು ಸುಮ್ಮನಾಗಿದ್ದಾಳೆ — ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರಮ್ಮ ಬೆನ್ನಿನ ಮೇಲೆ ಬೆರಳೊತ್ತಿ, ಸ್ನಾಯು ಹಗ್ಗದ ಗಂಟಾಗಿದೆ, ಸಡಿಲ ಮಾಡೋ ಮಾತ್ರೆ ಕೊಡ್ತೀನಿ, ರಾತ್ರಿ ಮಲಗೋ ಹೊತ್ತಿಗೆ ಅರ್ಧ, ಅರ್ಧ ಅಂದ್ರೆ ಅರ್ಧಾನೇ, ಅದು ಬೆನ್ನೊಂದನ್ನೇ ಹುಡುಕ್ಕೊಂಡು ಹೋಗಿ ಸಡಿಲ ಮಾಡಲ್ಲ, ತಲೇನೂ ಮಂಪರಾಗುತ್ತೆ, ರಕ್ತದೊತ್ತಡ ಇಳಿಯುತ್ತೆ, ನುಂಗಿ ಮಷೀನು ಮುಂದೆ ಕೂರಬೇಡಿ, ದಡಕ್ಕನೆ ಎದ್ದು ನಿಲ್ಲಬೇಡಿ — ಅಪ್ಪ ಭಾರೀ ಗಮನವಿಟ್ಟು ಕೇಳುತ್ತಿದ್ದಾನೆ ಎಂದುಕೊಂಡರೆ, ಡಾಕ್ಟರೇ, ನಿಮ್ಮ ಕೋಟಿನ ಎಡಭುಜ ಇಳಿದಿದೆ, ಒಂದು ಹೊಲಿಗೆ ಹಾಕಿದ್ರೆ ಸರಿಹೋಗುತ್ತೆ, ಎಂದ, ಆಕೆ ನಕ್ಕು, ಭುಜ ಹಾಗಿರಲಿ, ನಿಮ್ಮ ಕಿವಿ ಈ ಕಡೆ ಕೊಡಿ, ಒಂದು ದಿನ ಮರೆತ್ರೆ ಮರೆತ ಹಾಗೇ ಇರಲಿ, ಮಾರನೇ ದಿನ ಎರಡೂ ಸೇರಿಸಿ ನುಂಗೋ ಬುದ್ಧಿವಂತಿಕೆ ಬೇಡ, ನೆಗಡಿ ಕೆಮ್ಮು ಅಂತ ನಿದ್ದೆ ಬರಿಸೋ ಔಷಧಿ ಇದರ ಜೊತೆ ಬೇಡ, ಕುಡಿಯೋ ಅಭ್ಯಾಸ ಇದೆಯಾ, ಟೀ ಬಿಟ್ರೆ ಏನೂ ಇಲ್ಲ ಡಾಕ್ಟರೇ, ಸರಿ, ನೋವು ಹೋಯ್ತು ಅಂತ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂಬೇಡಿ, ಬಂದು ನನ್ನ ಕೇಳಿ — ಎಲ್ಲದಕ್ಕೂ ತಲೆಯಾಡಿಸಿದ್ದು ಅವಳು, ಅಪ್ಪನ ಕಣ್ಣು ಆ ಎಡಭುಜವನ್ನು ಬಿಟ್ಟು ಕದಲಲಿಲ್ಲ.

ಮನೆಗೆ ಬಂದು ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಮಾತ್ರೆಯನ್ನು ಎರಡು ಮಾಡಿದ, ಎರಡು ಅರ್ಧ ಎಂದಾದರೂ ಸಮ ಆಗುತ್ತವೆಯೇ, ಅವನ ಕೈಗೆ ಬಂದದ್ದು ದೊಡ್ಡದು, ಅಪ್ಪ ಅದು ಹೆಚ್ಚಾಯ್ತು, ಇರಲಿ ಬಿಡು ಗುಂಡೀ, ಒಳಗೊಂದಿಷ್ಟು ಜಾಸ್ತಿ ಇರಲಿ — ಅದು ಅವನ ಬಾಯಲ್ಲಿ ಬೆಳಗಿನಿಂದ ಸಂಜೆತನಕ ಬರುವ ಮಾತು, ಅಳತೆಗೆ ಸರಿಯಾಗಿ ಕತ್ತರಿಸುವವನು ಲೆಕ್ಕದ ಮೇಷ್ಟ್ರು ಕಣಮ್ಮ, ದರ್ಜಿಯಾದವನು ಒಳಗೊಂದಿಷ್ಟು ಬಟ್ಟೆ ಬಿಡ್ತಾನೆ, ಮಕ್ಕಳು ಬೆಳೀತಾವೆ, ದೊಡ್ಡೋರು ಊದ್ಕೋತಾರೆ, ಬೇಕಾದಾಗ ಬಿಚ್ಚಿಕೊಳ್ಳಲಿ — ಅವಳ ಶಾಲೆಯ ಲಂಗವೂ ಹಾಗೇ ಅಲ್ಲವೇ, ವರ್ಷಕ್ಕೊಮ್ಮೆ ಅಂಚು ಬಿಚ್ಚಿ ಇಳಿಸಿದ್ದು, ಹಳೇ ಹೊಲಿಗೆಯ ಗೆರೆ ಒಂದರ ಕೆಳಗೊಂದು ಉಳಿದಿತ್ತು, ಹುಡುಗಿಯರು ನಗುತ್ತಿದ್ದರು, ನಿನ್ನ ಲಂಗಕ್ಕೆ ಎಷ್ಟು ವಯಸ್ಸೇ, ಮನೆಗೆ ಬಂದು ಅತ್ತಾಗ ಅಪ್ಪ ಆ ಗೆರೆಗಳ ಮೇಲೆಲ್ಲ ಬಣ್ಣದ ದಾರದಲ್ಲಿ ಎಲೆಬಳ್ಳಿ ಹಾಕಿಕೊಟ್ಟ, ಮಾರನೇ ದಿನ ಅದೇ ಹುಡುಗಿಯರು ನಮಗೂ ಹಾಕಿಸಿಕೊಡೇ ಎಂದು ಹಿಂದೆ ಬಿದ್ದರು, ಇಂಥ ಅಪ್ಪನ ಹತ್ತಿರ ಮಾತ್ರೆಯ ಅರ್ಧಕ್ಕೆ ಜಗಳ ಆಡುವುದು ಹೇಗೆ — ಅಮ್ಮ ಆಡುತ್ತಾಳೆ, ಆದರೆ ಅಮ್ಮ ದೊಡ್ಡಮ್ಮನ ಕಣ್ಣಿನ ಆಪರೇಷನ್ನಿಗೆಂದು ಹೋಗಿದ್ದಾಳೆ, ಹೋಗುವಾಗ ಬಾಗಿಲಲ್ಲಿ ನಿಂತು, ನಿಮ್ಮಪ್ಪನ್ನ ನಂಬಬೇಡ, ಮಾತ್ರೆ ಕೊಡೋಳು ನೀನು, ಅಪ್ಪ ಒಳಗಿನಿಂದ, ಕೇಳಿಸ್ತು ಕಣೇ, ನಿನಗೆ ಕೇಳಿಸಲಿ ಅಂತಾನೇ ಹೇಳಿದ್ದು, ಆಹಾ ಏನು ಸಂಸಾರ — ನಿನ್ನೆ ಅವಳಿಗೆ ತಲೆನೋವು, ಬೇಗ ಮಲಗಿದಳು, ಮಾತ್ರೆ ಅಪ್ಪ, ನುಂಗ್ತೀನಿ ಹೋಗು, ಅಂದವನ ಕೈಯಲ್ಲಿ ಯಾರದೋ ಅವಸರದ ಕೋಟಿನ ತೋಳಿತ್ತು.

ಈಗ ಬಾಗಿಲಲ್ಲಿ ನೆರಳು, ಆ ಕೋಟು ಕೊಟ್ಟವರೇ, ಮೂಲೆಮನೆಯ ಮೇಡಂ, ಮಲಗಿದ್ದಾರಾ, ಎಬ್ಬಿಸಬೇಡಮ್ಮ, ಬೆಳಗಾಗೋ ತನಕ ಅಂಗಡಿ ದೀಪ ಉರೀತಿತ್ತು, ನನ್ನ ಮಗಳ ಇಂಟರ್‌ವ್ಯೂ ಇವತ್ತು ಅಂತ ಕೂತು ಮುಗಿಸಿ ಮನೆಗೇ ತಂದುಕೊಟ್ರು, ಮೈಗೆ ಎರಕ ಹುಯ್ದಂಗೆ ಕೂತಿದೆ ಅಂತ ಹೇಳು, ಹೇಳ್ತೀನಿ ಎಂದು ಅವಳು ಅಂದದ್ದು ಅವಳಿಗೇ ಕೇಳಿಸಲಿಲ್ಲ, ಏನಮ್ಮ, ಹೇಳ್ತೀನಿ, ಹ್ಞಾಂ, ಹೋದರು — ಬೆಳಗಾಗುವ ತನಕವೇ, ಆ ಮಾತ್ರೆ ನುಂಗಿದವನು ಬೆಳಗಾಗುವ ತನಕ ಹೊಲಿಯುವುದು ಹೇಗೆ, ನುಂಗಿದ ದಿನ ಅವನು ಹಾಸಿಗೆ ಬಿಡಿಸುವಷ್ಟರಲ್ಲೇ ತೂಕಡಿಸುತ್ತಾನೆ, ಹಾಗಾದರೆ ನಿನ್ನೆ ನುಂಗಿಲ್ಲ, ನಿನ್ನೆ ನುಂಗದಿದ್ದರೆ ಇವತ್ತು ಹಗಲಲ್ಲಿ ಈ ನಿದ್ದೆ — ರಾತ್ರಿಯೆಲ್ಲ ಎಚ್ಚರವಿದ್ದದ್ದಕ್ಕೇ ಇರಬೇಕು, ಅಷ್ಟೇ ಇರಬೇಕು, ಅವಳು ಮೇಜಿನ ಹತ್ತಿರ ಬಂದು ಆ ಒಂಟಿ ಚಪ್ಪಲಿ ತೆಗೆಯುತ್ತಾಳೆ, ಅಳತೆಯ ಟೇಪು ಎಂದಿನಂತೆ ಕತ್ತಿನಲ್ಲಿದೆ, ಸ್ನಾನಕ್ಕೆ ಬಿಟ್ಟರೆ ತೆಗೆಯುವವನಲ್ಲ, ಅದರ ಒಂದು ಕೊನೆ ಎದೆಯ ಮೇಲಿಂದ ಹಾದು ಮೇಜಿನಾಚೆ ಇಳಿಬಿದ್ದಿದೆ, ತುದಿಯ ಹಿತ್ತಾಳೆ ಪಟ್ಟಿ ಬೆರಳಗಲ ಮೇಲೇಳುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಎಷ್ಟು ನಿಧಾನ — ಮಷೀನಿನ ಹಲಗೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಚೂರುಗಳ ನಡುವೆ ಮಾತ್ರೆಯ ಪಟ್ಟಿ, ಮೊನ್ನೆ ಉಳಿದಿದ್ದ ಅರ್ಧ ಇಲ್ಲ, ಆವತ್ತು ತುಂಬಿದ್ದ ಪಕ್ಕದ ಗುಳಿ ಖಾಲಿ, ಅದರ ಪಕ್ಕದ್ದೂ ಖಾಲಿ, ಸೀಮೆಸುಣ್ಣವನ್ನೆಲ್ಲ ಸರಿಸಿ ನೋಡಿದಳು, ಬಿಳಿ ಚೂರೆಲ್ಲ ಮಾತ್ರೆಯ ಹಾಗೇ ಕಾಣುತ್ತದೆ, ಒಂದೂ ಮಾತ್ರೆಯಲ್ಲ, ಆಚೆಗೆ ಕೆಮ್ಮಿನ ಔಷಧಿಯ ಬಾಟಲಿ, ಮುಚ್ಚಳ ಅಂಟಂಟು, ಹೌದು ಬೆಳಿಗ್ಗೆ ಅವನು ಕೆಮ್ಮುತ್ತಿದ್ದ, ಕೆಮ್ಮಿದಾಗೆಲ್ಲ ಬೆನ್ನು ಹಿಡಿದುಕೊಳ್ಳುತ್ತಿದ್ದ.

ಅಪ್ಪ, ಅಪ್ಪಾ, ಅವನ ಕೆನ್ನೆ ತಣ್ಣಗಿದೆ, ಭುಜ ಅಲ್ಲಾಡಿಸಿದರೆ ತಲೆ ಆ ಕಡೆಗೆ ವಾಲುತ್ತದೆ, ಎಷ್ಟು ನುಂಗಿದೆಯಪ್ಪ, ಕಣ್ಣು ಒಂದೆಳೆ ತೆರೆದು, ರಾತ್ರೀದು, ಇವತ್ತಿಂದು, ಒಳಗೊಂದಿಷ್ಟು ಬಿಟ್ಟೆ ಗುಂಡೀ, ಮಾತು ಕೊನೆಕೊನೆಗೆ ನೆನೆದ ಬಟ್ಟೆಯ ಹಾಗೆ ಜೋತುಬಿತ್ತು, ಬೇಕಾದ್ರೆ ಬಿಚ್ಚೋಣ — ಹೊಟ್ಟೆಗೆ ಹೋದದ್ದನ್ನು ಬಿಚ್ಚುವುದು ಹೇಗಪ್ಪ, ಬಟ್ಟೆಯಲ್ಲವಲ್ಲ ಅದು, ನೀನು ಜನಕ್ಕೆಲ್ಲ ಕೊಡುವ ಪ್ರೀತಿಯನ್ನೇ ನಿನ್ನ ಬೆನ್ನಿಗೂ ಕೊಡಲು ಹೋದೆಯಾ — ಫೋನು, ಎಲ್ಲಿ ಫೋನು, ಅವಳು ಯಾರಿಗೂ ಹಾಗೇ ಫೋನು ಮಾಡುವವಳಲ್ಲ, ಏನು ಹೇಳಬೇಕೋ ಅದನ್ನು ಮೊದಲು ಮನಸ್ಸಲ್ಲೇ ನಾಲ್ಕು ಸಲ ಹೇಳಿಕೊಳ್ಳಬೇಕು, ಆಮೇಲೂ ಅತ್ತ ಕಡೆ ಹಲೋ ಎಂದೊಡನೆ ಎಲ್ಲ ಹಾರಿಹೋಗುತ್ತದೆ, ಈಗ ಹೇಳಿಕೊಳ್ಳಲು ಪುರುಸೊತ್ತೇ ಇಲ್ಲ, ಡಾಕ್ಟರೇ ನಾನು, ನಮ್ಮಪ್ಪ, ಜೋರಾಗಿ ಹೇಳಮ್ಮ ಕೇಳಿಸ್ತಿಲ್ಲ, ಡಾಕ್ಟರೇ ನಾನು ದರ್ಜಿ ಮಗಳು, ನಮ್ಮಪ್ಪ ಆ ಸಡಿಲ ಮಾಡೋ ಮಾತ್ರೆ ಎರಡು ದಿನದ್ದೂ ಸೇರಿಸಿ ಅದಕ್ಕಿಂತಲೂ ಜಾಸ್ತಿ ನುಂಗಿದ್ದಾರೆ, ಮೇಲೆ ಕೆಮ್ಮಿನ ಔಷಧಿ ಬೇರೆ, ಏಳ್ತಿಲ್ಲ — ಯಾರ ಗಂಟಲು ಇದು, ಎದುರಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು ಅರವನ್ನು ಕೆಳಗಿಟ್ಟು ತಲೆಯೆತ್ತುವಷ್ಟು ದೊಡ್ಡ ಗಂಟಲು — ಕೂಗಿದ್ರೆ ಓ ಅಂತಾರಾ, ಅರ್ಧಂಬರ್ಧ, ಎಬ್ಬಿಸಿ ನಿಲ್ಲಿಸಬೇಡ, ಒತ್ತಡ ಇಳಿದಿರುತ್ತೆ, ಬಿದ್ದುಬಿಡ್ತಾರೆ, ಕಾಫಿ ಗೀಫಿ ಅಂತ ಬಾಯಿಗೆ ಏನೂ ಹಾಕಬೇಡ, ಪಕ್ಕಕ್ಕೆ ಹೊರಳಿಸಿ ಮಲಗಿಸು, ಆಂಬುಲೆನ್ಸ್ ನಾನು ಕಳಿಸ್ತೀನಿ, ಮಾತ್ರೆ ಪಟ್ಟಿ ಬಾಟಲಿ ಎರಡೂ ತಗೊಂಡು ಬಾ, ಅಲ್ಲೀತನಕ ಉಸಿರಿನ ಮೇಲೆ ಕಣ್ಣಿಡು, ತೀರಾ ಕಡಿಮೆಯಾದ್ರೆ ತಕ್ಷಣ ಹೇಳು, ಫೋನು ಇಡಬೇಡ.

ಬೀಗದಣ್ಣ ಓಡಿಬಂದಿದ್ದಾನೆ, ಕೈಯೆಲ್ಲ ಎಣ್ಣೆ, ಅಪ್ಪನಿಗೂ ಅವನಿಗೂ ದಿನಾ ಜಗಳ, ನಿನ್ನ ಬೀಗ ಕಳ್ಳನಿಗೂ ತೆರೆಯುತ್ತೆ, ನಿನ್ನ ಪ್ಯಾಂಟು ಆನೆಗೂ ಆಗುತ್ತೆ, ಹೀಗೆ ರಸ್ತೆಯ ಆಚೆಗೊಬ್ಬ ಈಚೆಗೊಬ್ಬ, ಈಗ ಎಣ್ಣೆ ಕೈಯನ್ನು ತನ್ನ ಅಂಗಿಗೇ ಒರೆಸಿಕೊಂಡು ಅಪ್ಪನ ಬೆನ್ನಿಗೆ ತೋಳು ಕೊಡುತ್ತಾನೆ, ಏಯ್ ದರ್ಜಿ, ಆಟ ಸಾಕು ಮಾರಾಯ, ಇಬ್ಬರೂ ಸೇರಿ ಹೊರಳಿಸುತ್ತಾರೆ, ಇಷ್ಟು ಹಗುರ ಯಾವಾಗ ಆದೆ ಅಪ್ಪ, ಇವನ ಅಂಗಿ ಒಳಗೆ ಮಡಚಿ ಹೊಲಿಯಬೇಕು, ಯಾರೂ ಗಮನಿಸಿಯೇ ಇಲ್ಲ, ಊರಿನವರ ಅಳತೆಯೆಲ್ಲ ಬಾಯಿಪಾಠ ಇರುವವನ ಅಳತೆ ತೆಗೆದುಕೊಂಡವರು ಯಾರು — ಕತ್ತಿಗೆ ಸುತ್ತಿಕೊಂಡೀತೆಂದು ಟೇಪು ಬಿಡಿಸಿದವಳು ಅದನ್ನು ಕೆಳಗಿಡಲಿಲ್ಲ, ಪಕ್ಕೆಲುಬಿನ ಮೇಲೆ ಅಡ್ಡ ಹಾಕಿದಳು, ಹಿತ್ತಾಳೆ ತುದಿ ಮೇಜಿನಾಚೆ ತೂಗುವ ಹಾಗೆ, ಅಂಗಿಯ ಸಡಿಲಿನಲ್ಲಿ ಉಸಿರು ಕಾಣಿಸುವುದಿಲ್ಲ, ಇದರಲ್ಲಿ ಕಾಣಿಸುತ್ತದೆ, ಬೀಗದಣ್ಣ ರಸ್ತೆ ತಿರುವಿಗೆ ಹೋಗ್ತೀನಿ ಗಾಡಿಯವರಿಗೆ ಅಂಗಡಿ ಗೊತ್ತಾಗಬೇಕಲ್ಲ ಎಂದು ಬಾಗಿಲೆಳೆದುಕೊಂಡು ಓಡಿದ, ಕಿವಿಯಲ್ಲಿ ಡಾಕ್ಟರಮ್ಮ, ಉಸಿರಿದೆಯಾ, ಇದೆ, ಹೇಗಿದೆ, ಏಳ್ತಿದೆ, ಅಪ್ಪನ ಹತ್ತಿರ ಮಾತಾಡ್ತಾ ಇರು, ಏನು ಮಾತಾಡಲಿ, ಇಷ್ಟು ವರ್ಷ ಮಾತಾಡಿದವನು ಅವನು, ಕೇಳಿದವಳು ಅವಳು, ಅಪ್ಪ ಆ ಕೋಟು ಮೈಗೆ ಎರಕ ಹುಯ್ದಂಗೆ ಕೂತಿದೆಯಂತೆ, ಅಪ್ಪ ಅಮ್ಮ ಬಂದರೆ ನಿನಗಲ್ಲ ನನಗೆ ಬೈತಾಳೆ, ಅಪ್ಪ ನನಗೆ ಆ ಹೆಸರು ಇಷ್ಟ, ಹಾಗೇ ಕರಿ, ಮುದುಕಿಯಾದರೂ ಹಾಗೇ ಕರಿ — ದೂರದಲ್ಲೊಂದು ಆಂಬುಲೆನ್ಸ್ ಸದ್ದು, ನಮ್ಮದೇ ಇರಬೇಕು, ಬೇರೆಯವರದ್ದೂ ಇರಬಹುದು, ಹತ್ತಿರ ಬರುತ್ತಿದೆ, ತುದಿ ಏಳುತ್ತದೆ, ಇಳಿಯುತ್ತದೆ, ಉಸಿರಿದೆಯಾ ಅಮ್ಮ, ಇದೆ ಡಾಕ್ಟರೇ, ನಿಂತಿದೆ, ಇಲ್ಲ ಇಲ್ಲ, ತಡೀರಿ — ಬೆರಳಗಲದ ಹಿತ್ತಾಳೆ, ಮಾಸಿ ಅಂಚು ಸವೆದದ್ದು, ಗಾಳಿಗಲ್ಲ, ಬಾಗಿಲು ಮುಚ್ಚಿದೆ, ಗಾಳಿಗಲ್ಲ — ನಿಂತಿದೆ — ಏಳು — ಹಿತ್ತಾಳೆ ತುದಿ — ಏಳುತ್ತದೆ.