ಹಜಾರದ ಸಮುದ್ರಕ್ಕೊಂದು ಶಿಖರ

ನಮ್ಮ ಸಿಂಧನೂರು ಸೀಮೆಯಲ್ಲಿ ಕಾಲುವೆ ನೀರು ಕುಡಿದೂ ಕುಡಿದೂ ಎಷ್ಟೋ ಗದ್ದೆಗಳು ಸವಳಾಗಿವೆ. ಮಣ್ಣಿನ ಉಪ್ಪು ಕಳೆಯುವುದು ಹೇಗೆಂದು ಜನ ತಲೆ ಕೆರೆದುಕೊಳ್ಳುತ್ತಿರುವಾಗ, ಅಕ್ಕಿ ಮಿಲ್ಲಿನ ಸಾವ್ಕಾರ ಆಂಜನೇಯ, ಅಂದರೆ ನನ್ನ ಯಜಮಾನರು, ಹೈದರಾಬಾದಿನಿಂದ ನಾಲ್ಕು ಡಬ್ಬಿ ಉಪ್ಪು ತರಿಸಿ ಹಜಾರದಲ್ಲಿ ಸಮುದ್ರ ಮಾಡಿಸಿದರು. ಕಾರಣ ಇಷ್ಟೆ: ಲಿಂಗಸುಗೂರಿನಲ್ಲಿರುವ ನನ್ನ ತಂಗಿಯ ಗಂಡ ಮನೆಯಲ್ಲಿ ಸಿಹಿನೀರಿನ ಮೀನಿನ ತೊಟ್ಟಿ ಇಡಿಸಿದ್ದ.

"ಅಂವಂದು ಕೆರಿ, ನಂದು ಸಮುದ್ರ" ಎಂದು ಇವರು ಊರೆಲ್ಲ ಹೇಳಿಕೊಂಡು ಬಂದರು.

ಆರಡಿ ಉದ್ದದ ಗಾಜಿನ ತೊಟ್ಟಿ. ಕಂಪನಿಯವನು ತಳಕ್ಕೆ ಬಿಳಿ ಮರಳು ಹಾಸಿ, ಮರಳಿನ ಮೇಲೆ ತೂತುತೂತಿನ ಕಲ್ಲು ಪೇರಿಸಿ, ಬೇಕಾದರೆ ಇರಲಿ ಎಂದು ಒಂದು ಡಬ್ಬಿ ಅಂಟು ಬಿಟ್ಟು, ಫೋಟೊ ತೆಗೆದುಕೊಂಡು ಹೋದ. ತೊಟ್ಟಿಯಲ್ಲಿ ಮರಳು ತೋಡಿ ಮನೆ ಮಾಡಿಕೊಳ್ಳುವ ಮೀನೊಂದಿತ್ತು. ಅದು ತನ್ನ ಕೆಲಸ ತಾನು ಮಾಡಿತು. ಮೂರನೆಯ ದಿನ ಕಲ್ಲು ಕುಸಿದು ಪಾಪ ಆ ಮೀನೇ ಅಡಿಯಲ್ಲಿ ಸಿಕ್ಕು ಸತ್ತಿತು. ಯಜಮಾನರು ಈಶಾನ್ಯದಲ್ಲಿ ಭಾರ ಹೆಚ್ಚಾಯಿತೆಂದು ತೊಟ್ಟಿಯನ್ನೇ ನೈಋತ್ಯಕ್ಕೆ ಜರುಗಿಸಲು ಹೊರಟರು. ನನಗೆ ಸಿಟ್ಟು ಬಂತು.

"ಬಿದ್ದದ್ದು ಕಲ್ಲು. ಕಲ್ಲಿನ ಕೆಲಸ ಗೊತ್ತಿದ್ದವ್ನ ಕರಸ್ರಿ" ಎಂದೆ.

ಮಸ್ಕಿಯಿಂದ ಮಕ್ತುಮ್‌ಸಾಬ್ ಬಂದ. ಸಿಮೆಂಟು ಮುಟ್ಟದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವವನು. ನಮ್ಮ ಮಿಲ್ಲಿನ ಕಂಪೌಂಡಿಗೆ ಭತ್ತದ ಲಾರಿ ಎರಡು ಸಲ ಗುದ್ದಿದೆ, ಅದು ಜಪ್ಪಯ್ಯ ಎಂದಿಲ್ಲ. ಈಗ ಅಂಥ ಗೋಡೆ ಕೇಳುವವರು ಕಡಿಮೆ. ಮಕ್ತುಮ್‌ಸಾಬ್ ಕಟ್ಟಿದ್ದು ಬೀಳುವುದಿಲ್ಲ ಎಂಬ ಒಂದು ಹೆಸರಿನ ಮೇಲೆ ಅವನ ಕೆಲಸ ಇನ್ನೂ ನಡೆದಿದೆ.

ಅವನು ಮೀನುಗಳನ್ನು ಡ್ರಮ್ಮಿಗೆ ಹಾಕಿಸಿ ಮರಳನ್ನೆಲ್ಲ ಬಳಿಸಿದ.

"ಉಸುಕಿನ ಮ್ಯಾಲ ಕಲ್ಲು ನಿಂದ್ರಂಗಿಲ್ರೀ ಸಾವ್ಕಾರ್ರ. ಮೊದ್ಲ ಕಲ್ಲು ತಳಕ್ಕ ಕೂಡ್ಬೇಕು, ಆಮ್ಯಾಲ ಸುತ್ತ ಉಸುಕು. ಮೀನು ಎಷ್ಟರ ತೋಡ್ಲಿ."

ಗಾಜಿಗೆ ಪೆಟ್ಟಾಗದಂತೆ ಅಡಿಯಲ್ಲಿ ಪ್ಲಾಸ್ಟಿಕ್ ಜಾಲರಿ ಹಾಸಿದ. ಒಂದೊಂದು ಕಲ್ಲನ್ನೂ ಹತ್ತು ಸಲ ತಿರುಗಿಸಿ, ಮೂರು ಕಡೆ ಕಚ್ಚಿ ಕೂತ ಮೇಲೆಯೇ ಕೈ ಬಿಟ್ಟ. ನೀರು ಆಡಲು, ಮೀನು ಅಡಗಲು ಸಂದುಗಳನ್ನು ಇಟ್ಟ. ಗಾಜಿಗೂ ಕಲ್ಲಿಗೂ ನಡುವೆ ಒಂದು ಗೇಣು ಜಾಗ. ಗೋಡೆ ಮುಗಿದ ಮೇಲೆ ಮಾಲೀಕನೇ ಎರಡೂ ಕೈಯಿಂದ ನೂಕಿ ನೋಡಬೇಕು, ಅಲ್ಲಿಯವರೆಗೆ ಮಕ್ತುಮ್‌ಸಾಬ್ ತನ್ನ ಚೀಲ ಎತ್ತುವುದಿಲ್ಲ. ಯಜಮಾನರು ಅಂಗಿಯ ತೋಳು ಮಡಚಿ ನೂಕಿದರು. ಒಂದು ಹರಳೂ ಅಲುಗಲಿಲ್ಲ. ಇವರ ಮುಖ ಮಾತ್ರ ಸಪ್ಪಗಾಯಿತು.

"ಗಿಡ್ಡ ಆತಲ್ಲೋ. ನೀರಿನ ಹೊರಗ ಕಾಣೋ ಹಂಗ ಒಂದು ಶಿಖರ ಇಡು."

"ಗಾಜಿನ ಮನ್ಯಾಗ ಶಿಖರ ಬ್ಯಾಡ್ರಿ. ನಾ ಇಡಂಗಿಲ್ಲ" ಎಂದು ಅವನು ಬಸ್ಸು ಹತ್ತಿದ.

ನಾನು ಮೂರು ದಿನ ಜವಳಗೇರಾಕ್ಕೆ ಹೋಗಿ ಬರುವಷ್ಟರಲ್ಲಿ ಶಿಖರ ಎದ್ದಿತ್ತು.

"ಮಕ್ತುಮ್‌ಸಾಬನ ಬಂದು ಇಟ್ಟು ಹೋಗ್ಯಾನ" ಎಂದರು ಯಜಮಾನರು.

ಅವನೂ ದೊಡ್ಡವರ ಮಾತಿಗೆ ಬಗ್ಗಿದನಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು. ಅದೇ ವಾರ ಇವರ ಉಂಗುರ ಕಳೆದಿತ್ತು. ಮಿಲ್ಲಿನ ಭತ್ತದಲ್ಲಿ ಬಿದ್ದಿದೆ ಎಂದು ಹಮಾಲರಿಂದ ಎರಡು ದಿನ ಜರಡಿ ಹಿಡಿಸಿದರು. ಸಿಕ್ಕಿದ್ದು ಒಂದು ಹೇರ್‌ಪಿನ್ನು.

ಭಾನುವಾರ ಲಿಂಗಸುಗೂರಿನಿಂದ ಇವರ ಷಡ್ಡಕ, ನನ್ನ ತಂಗಿಯ ಗಂಡ, ಬಂದ. ಅವನು ಚಹಾದ ಕಪ್ಪು ಎತ್ತಿದ್ದಷ್ಟೆ, ಶಿಖರ ಜಾರಿ ಗಾಜಿಗೆ ಬಡಿಯಿತು. ಗಾಜು ನಡುವಿನವರೆಗೆ ಸೀಳಿ ಅರ್ಧ ಸಮುದ್ರ ಸೋಫಾದ ಮೇಲೆ ಬಂತು, ಕಲ್ಲೂ ಅದರ ಜೊತೆಗೇ ನೆಲಕ್ಕೆ ಬಿತ್ತು.

"ತೆರಿ ಭಾರಿ ಬಂತಲ್ರೀ" ಎಂದು ಷಡ್ಡಕ ಕಾಲು ಮೇಲೆತ್ತಿ ಕೂತ.

"ಎಲ್ಲಾ ಆ ಮಕ್ತುಮ್‌ಸಾಬನ ಕೆಲಸ! ಮಸ್ಕಿ ತುಂಬ ಹೇಳ್ತೀನಿ" ಎಂದು ಇವರು ಕೂಗಾಡಿದರು.

"ಹೌದೇನ್ರಿ? ನಮ್ಮ ತೋಟದ ಗ್ವಾಡಿ ಅಂವಗ ಹೇಳಿದ್ದೆ. ಬಿಟ್ಟಬಿಡ್ತೀನಿ ಹಂಗಾದ್ರ" ಎಂದ ಷಡ್ಡಕ.

ನಾನೇ ಫೋನು ಮಾಡಿ ಮಕ್ತುಮ್‌ಸಾಬನನ್ನು ಕರೆಸಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲರ ಎದುರು ಬೈಸಿಕೊಂಡು, ಅವನು ತೊಟ್ಟಿಯೊಳಗೆ ಬಗ್ಗಿ ನೋಡಿದ. ಉಳಿದ ಅರ್ಧ ನೀರಿನಲ್ಲಿ ಅವನ ಕಲ್ಲುಗಳು ಇಟ್ಟಲ್ಲೇ ಇದ್ದವು, ಸಂದುಗಳಲ್ಲಿ ಮೀನುಗಳೂ ಇದ್ದವು. ಆಮೇಲೆ ನೆಲದ ಮೇಲಿದ್ದ ಶಿಖರದ ಕಲ್ಲನ್ನು ಎತ್ತಿ ಬೋರಲು ಹಾಕಿದ. ಅಡಿಯಲ್ಲಿ ಕಂಪನಿಯವನು ಬಿಟ್ಟುಹೋಗಿದ್ದ ಅಂಟು. ಚಪಾತಿ ಹಿಟ್ಟಿನಂತೆ ನಾದಿ ಮೆತ್ತುವಂಥದ್ದು, ಒಣಗಿ ಕಲ್ಲಾಗಿತ್ತು.

"ನಾ ಅಂಟು ಹಚ್ಚಂಗಿಲ್ರೀ. ಇದು ಮ್ಯಾಲಿನ ಕಲ್ಲು ಹಿಡದದ, ಕೆಳಗಿನ ಕಲ್ಲಿನ ಪಾಚಿ ಮ್ಯಾಲ ಹಿಡದಿಲ್ಲ."

"ನೀನ ಇಟ್ಟೀಯಲೇ. ಇಲ್ಲಂದ್ರ ನಾ ಇಟ್ಟೀನೇನು?" ಎಂದರು ಯಜಮಾನರು.

ನಾನು ಬಗ್ಗಿ ನೋಡಿದೆ. ಅಂಟಿನಲ್ಲಿ ಏನೋ ಹೊಳೆಯಿತು. ಹಿಟ್ಟು ನಾದುವ ಮುಂಚೆ ಉಂಗುರ ತೆಗೆದಿಡಬೇಕೆಂಬುದು ಹಿಟ್ಟು ಮುಟ್ಟಿದವರಿಗೆ ಗೊತ್ತಿರುತ್ತದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರು ಒಂದು ರೊಟ್ಟಿ ತಟ್ಟಿದವರಲ್ಲ. ಬಂಗಾರದ ಮೇಲೆ 'ಆ' ಎಂಬ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿಮ್ಮ ಉಂಗುರ ಸಿಕ್ತು ನೋಡ್ರಿ" ಎಂದೆ. "ಹಮಾಲರಿಗೆ ಹೇಳಿ ಕಳಸ್ಲೇನು?"

ಷಡ್ಡಕ ಎದ್ದು ತೋಳು ಮಡಚಿ, ತೊಟ್ಟಿಯೊಳಗಿನ ಕಲ್ಲುಗಳನ್ನು ಎರಡೂ ಕೈಯಿಂದ ಜೋರಾಗಿ ನೂಕಿದ. ಮತ್ತೊಮ್ಮೆ ನೂಕಿದ. ಕೈ ಒರೆಸಿಕೊಳ್ಳುತ್ತ ಮಕ್ತುಮ್‌ಸಾಬನ ಕಡೆ ತಿರುಗಿದ.

"ಲಿಂಗಸುಗೂರಿಗೆ ಯಾವತ್ತು ಬರ್ತೀ?"