ಜೋಡಿ ಈಡು

ಬೆಳ್ಳಪ್ಪ ಗೋಡೆಯ ಮೇಲಿದ್ದ ಕೇಪಿನ ಕೋವಿಯನ್ನು ಇಳಿಸಿ ಅಣ್ಣನ ಮುಂದೆ ಹಿಡಿದ. ಗುತ್ಯಪ್ಪ ಕೈ ಚಾಚಲಿಲ್ಲ.

"ಹೊತ್ತು ಏರ್ತಾ ಇದೆ ಅಣ್ಣ. ಈಡು ಕೇಳ್ದೆ ಆಚೆ ಊರಿನವ್ರು ಹ್ಯಾಗೆ ಬರ್ತಾರೆ?"

"ಬರದಿದ್ರೆ ಬ್ಯಾಡ."

ಸಾಗರದ ಸೀಮೆಯ ಆ ಊರಿನಲ್ಲಿ ಸಾವಾದ ಮನೆಯ ಯಜಮಾನ ಜೋಡಿ ಈಡು, ಅಂದರೆ ಆಕಾಶಕ್ಕೆ ಎರಡು ಗುಂಡು, ಹೊಡೆಯಬೇಕು. ಹೆಣ ಎತ್ತುವುದು ಆಮೇಲೆ. ಈಡಿಲ್ಲದೆ ಹೋದವನು ದಿಕ್ಕಿಲ್ಲದವನ ಲೆಕ್ಕ. ಗುತ್ಯಪ್ಪನ ಮಗ ಗಿರಿಯಪ್ಪ ಕಾಮಾಲೆಯಿಂದ ಸತ್ತು ಅಂಗಳದಲ್ಲಿ ಮಲಗಿದ್ದ. ಅವನ ಹೆಂಡತಿ ಮೀನಾಕ್ಷಿ ತಲೆದೆಸೆಯಲ್ಲಿ ಕೂತಿದ್ದಳು. ಅಳು ಇನ್ನೂ ಬಂದಿರಲಿಲ್ಲ.

ಜಗಲಿಯಲ್ಲಿ ಸೇರಿದ್ದ ಊರವರ ಮಾತು ನಡೆದಿತ್ತು.

"ಚೀನಾದವ್ರು ಅಣುಬಾಂಬು ಸಿಡಿಸಿದ್ರಂತೆ. ಗಿರಿಯಪ್ಪ ಬೊಂಬಾಯಿ ಅಣುಶಕ್ತಿ ಲ್ಯಾಬಲ್ಲೇ ಇದ್ದಿದ್ರೆ ನಮ್ದೂ ಒಂದು ಆಗ್ತಿತ್ತು" ಎಂದ ತಿಮ್ಮಣ್ಣ.

"ಓಡಿಸಿದ್ರಂತಲ್ಲ ಮಾರಾಯ. ಇಲ್ದಿದ್ರೆ ಅಂಥ ಕೆಲ್ಸ ಬಿಟ್ಟು ತೀರ್ಥಹಳ್ಳೀಲಿ ಮೇಷ್ಟ್ರಾಗ್ತಿದ್ನಾ?" ಎಂದ ಮಂಜಯ್ಯ. "ನಿನ್ನ ರೇಡಿಯೋ ರಿಪೇರಿ ಮಾಡಿದ್ದು ನೋಡಿದ್ರೆ ಓಡ್ಸಿರಬಹುದು. ಹಂದಿ ಗುರುಗುಟ್ಟಿದ ಹಾಗೆ ವಾರ್ತೆ ಬರ್ತಿತ್ತು."

ಯಾರೋ ನಕ್ಕು, ಹೆಣ ನೆನಪಾಗಿ ಕೆಮ್ಮಿದರು. ಗುತ್ಯಪ್ಪ ತಲೆ ತಗ್ಗಿಸಿದ. ಕೆಲಸ ಬಿಟ್ಟು ಬಂದ ಮಗನನ್ನು ಅವನು ಕೊನೆಯವರೆಗೂ ಮಾತಾಡಿಸಿರಲಿಲ್ಲ.

*

ಬೊಂಬಾಯಿಯ ಬಾಡಿಗೆ ಕೋಣೆಯ ಕಿಟಕಿಯಿಂದ ಸಮುದ್ರದ ಒಂದು ಚೂರು ಕಾಣುತ್ತಿತ್ತು. ಆಗ ಸಂಜೆ ಗಿರಿಯಪ್ಪ, ಮೀನಾಕ್ಷಿ ಇಬ್ಬರೂ ಅಲ್ಲಿ ಕೂತು ಒಂದೇ ಲೋಟದ ಚಹಾ ಹಂಚಿಕೊಳ್ಳುತ್ತಿದ್ದರು. ಅವತ್ತು ಗಿರಿಯಪ್ಪ ಲೋಟ ಮುಟ್ಟಲಿಲ್ಲ.

"ನಾವು ಮಾಡ್ತಿರೋ ಕೆಲ್ಸ ದೀಪಕ್ಕೋ ಬಾಂಬಿಗೋ ಅಂತ ಸಾಹೇಬರನ್ನ ಕೇಳ್ದೆ. ಅದನ್ನ ಮೇಲಿನವ್ರು ನೋಡ್ಕೋತಾರೆ, ನೀನು ನಿನ್ನ ಕೆಲ್ಸ ಮಾಡು ಅಂದ್ರು."

"ಆಮೇಲೆ?"

"ಚಿಕ್ಕವನಿದ್ದಾಗ ಶಿಕಾರಿಯಲ್ಲಿ ಕೋವಿಗೆ ಮದ್ದು ತುಂಬಿ ಚಿಕ್ಕಪ್ಪನ ಕೈಗೆ ಕೊಟ್ಟಿದ್ದೆ. ಅಪ್ಪಯ್ಯ ಕೆನ್ನೆಗೆ ಒಂದು ಬಿಟ್ಟ. ತುಂಬಿದವ್ನೇ ಹೊಡೀಬೇಕು, ಇನ್ನೊಬ್ನ ಕೈಗೆ ಕೊಟ್ರೆ ಅದು ಯಾರ ಎದೆಗೆ ಹೋಗ್ತದೆ ಅಂತ ನಿಂಗೇನು ಗೊತ್ತು ಅಂದ." ಗಿರಿಯಪ್ಪ ಕೆನ್ನೆ ಸವರಿಕೊಂಡು ನಕ್ಕ. "ಇದನ್ನ ಹೊಡೆಯೋ ಕೈ ನಂದಲ್ಲ ಮೀನಾ. ನಾನು ತುಂಬೋದಿಲ್ಲ."

ಲ್ಯಾಬಿನ ಒಳಗಿನ ಮಾತು ಹೊರಗೆ ಆಡುವುದಿಲ್ಲ ಎಂದು ಸಹಿ ಹಾಕಿದ್ದ. ಊರಿಗೆ ಬಂದು, ಹವಾ ಒಗ್ಗಲಿಲ್ಲ ಎಂದಷ್ಟೇ ಹೇಳಿದ.

*

ಮೀನಾಕ್ಷಿ ಎದ್ದು ಮಾವನ ಪಕ್ಕಕ್ಕೆ ಹೋದಳು. ಅವನೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಎಲ್ಲವನ್ನೂ ಹೇಳಿದಳು.

"ಅವರನ್ನ ಯಾರೂ ಓಡಿಸಲಿಲ್ಲ ಮಾವ. ಅವರಿಗೆ ನಿಮ್ಮ ಏಟು ನೆನಪಿತ್ತು."

ಗುತ್ಯಪ್ಪ ತನ್ನ ಬಲಗೈಯನ್ನೇ ನೋಡುತ್ತ ಕೂತ.

"ನಂಗೊಂದು ಮಾತು ಹೇಳ್ಬಹುದಿತ್ತು."

"ನೀವು ಕೇಳಲಿಲ್ಲ."

ಅವನು ಎದ್ದ. ತುಂಬಿ ಕೊಡುತ್ತೇನೆ ಎಂದ ಬೆಳ್ಳಪ್ಪನ ಕೈಯಿಂದ ಕೋವಿ ಕಿತ್ತುಕೊಂಡ. ಮದ್ದು ಚೆಲ್ಲಿದರೂ ಯಾರನ್ನೂ ಹತ್ತಿರ ಬಿಡಲಿಲ್ಲ. ಆಕಾಶಕ್ಕೆ ಒಂದು ಈಡು. ಮತ್ತೆ ತುಂಬಿ, ಇನ್ನೊಂದು.

ಕೆರೆ ಏರಿಯ ಮೇಲೆ ಆಚೆ ಊರಿನ ಜನ ಕಾಣಿಸಿದಾಗ ಗುತ್ಯಪ್ಪ ಅಂಗಳದಲ್ಲಿ ಮಗನ ಪಕ್ಕ ಕೂತಿದ್ದ. ಅವನ ಕಿವಿಯ ಹತ್ತಿರಕ್ಕೆ ಬಾಗಿದ.

"ಬೊಂಬಾಯಲ್ಲಿ ಊಟಕ್ಕೆ ಏನ್ ಮಾಡ್ತಿದ್ಯೋ ಮಗಾ?" ಎಂದು ಕೇಳಿ, ಬಾಗಿದ ಹಾಗೆಯೇ ಸ್ವಲ್ಪ ಹೊತ್ತು ಕಾದ.